ಕಾರು ಗಡಿಯ ಈಚೆ, ನಾವು ನಡೆದು ಆಚೆ

ನನ್ನದು ಹಳದಿ ಬೋರ್ಡ್ ಕಾರು, ಗೌರಿಬಿದನೂರು ಸ್ಟ್ಯಾಂಡಿನದು. ಹೆಂಡತಿಯ ತವರು ಹಿಂದೂಪುರ. ಸರ್ಕಾರದ ಲೆಕ್ಕದಲ್ಲಿ ಅದು ಆಂಧ್ರದ ಶ್ರೀ ಸತ್ಯಸಾಯಿ ಜಿಲ್ಲೆ, ನಮ್ಮ ಲೆಕ್ಕದಲ್ಲಿ ಪಕ್ಕದ ಪೇಟೆ. ಈ ಗಡಿ ದಾಟುವ ಮನುಷ್ಯರನ್ನು ಯಾರೂ ಏನೂ ಕೇಳುವುದಿಲ್ಲ. ಬಿಳಿ ಬೋರ್ಡಿನ ಸ್ವಂತ ಕಾರಿಗೂ ಪರ್ಮಿಟ್ ಬೇಡ. ಆದರೆ ಕರ್ನಾಟಕಕ್ಕೆ ಮಾತ್ರ ಪರ್ಮಿಟ್ ಇರುವ ಟ್ಯಾಕ್ಸಿ ಆಚೆ ಹೋಗಬೇಕಾದರೆ ತಾತ್ಕಾಲಿಕ ಪರ್ಮಿಟ್ ಮಾಡಿಸಿ, ಆ ರಾಜ್ಯದ ತೆರಿಗೆಯನ್ನೂ ಕಟ್ಟಬೇಕು. ಆಲ್ ಇಂಡಿಯಾ ಪರ್ಮಿಟ್ ಮಾಡಿಸಿದವರಿಗೆ ಈ ತಲೆನೋವಿಲ್ಲ, ಆದರೆ ಅದಕ್ಕೆ ವರ್ಷವರ್ಷ ಸಾವಿರಾರು ರೂಪಾಯಿ. ಏರ್‌ಪೋರ್ಟು, ನಂದಿ ಬೆಟ್ಟ, ಘಾಟಿ ಅಂತ ಓಡಿಸುವ ನನಗೆ ಅದು ಗಿಟ್ಟುವುದಿಲ್ಲ.

"ಭಾನುವಾರ ಯಾರು ನೋಡ್ತಾರೆ, ಸುಮ್ಮನೆ ಹೋಗಿ ಬಾರಣ್ಣ" ಅನ್ನುವ ಹುಡುಗರು ಸ್ಟ್ಯಾಂಡಿನಲ್ಲಿದ್ದಾರೆ. ನಾನು ಒಪ್ಪುವುದಿಲ್ಲ. ದಂಡದ ಮಾತು ಬಿಡಿ, ಅಪಘಾತವಾದರೆ ಏನು ಗತಿ? ಪರ್ಮಿಟ್ ಇಲ್ಲದೆ ಓಡುತ್ತಿದ್ದ ವಾಹನದ ಪ್ರಕರಣವೊಂದರಲ್ಲಿ, ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಆ ಹಣವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಸಾಲ ಮಾಡಿ ಕಾರು ತೆಗೆದುಕೊಂಡವರು ಇದನ್ನು ಎರಡು ಸಲ ಓದಬೇಕು.

ಅದಕ್ಕೇ ನಾನು ಕಾರನ್ನು ಗಡಿಯ ಈಚೆ ನಿಲ್ಲಿಸಿ, ಹೆಂಡತಿ ಮಕ್ಕಳ ಜೊತೆ ನಡೆದು ದಾಟುತ್ತೇನೆ. ಗೌರಿಬಿದನೂರಿನಿಂದ ಹಿಂದೂಪುರಕ್ಕೆ ನೇರ ಬಸ್ಸಿದೆ, ರೈಲೂ ಇದೆ. ಅಕ್ಕಿ ಮೂಟೆ, ಹಬ್ಬದ ಸಾಮಾನು ಇದ್ದರೆ ರೈಲೇ ವಾಸಿ. ಆದರೆ ನನ್ನ ಕೆಲಸಕ್ಕೆ ಹೊತ್ತು ಗೊತ್ತಿಲ್ಲ. ಭಾನುವಾರ ರಾತ್ರಿ ಫೋನ್ ಬಂದರೆ ಬೆಳಗಿನ ಜಾವ ಗಿರಾಕಿಯ ಮನೆ ಮುಂದೆ ಇರಬೇಕು. ಕಾರು ಗಡಿಯಲ್ಲೇ ಇದ್ದರೆ ಬಾವಮೈದ ಬೈಕಿನಲ್ಲಿ ನನ್ನನ್ನು ಅಲ್ಲಿಗೆ ತಂದು ಬಿಡುತ್ತಾನೆ.

ಎಲ್ಲಿ ನಿಲ್ಲಿಸುವುದು ಅನ್ನುವುದೇ ಇದರಲ್ಲಿ ಮುಖ್ಯ. ದಾರಿಯಲ್ಲಿ ಸಿಗುವ ವಿದುರಾಶ್ವತ್ಥದಲ್ಲಿ ಜಾಗವೇನೋ ಇದೆ. ಆದರೆ ನಾಗರ ಕಲ್ಲಿನ ಪೂಜೆಗೆ ಬರುವವರು, 1938ರ ಏಪ್ರಿಲ್ 25ರ ಗೋಲಿಬಾರಿನಲ್ಲಿ ಮಡಿದವರ ಸ್ಮಾರಕ ನೋಡಲು ಬರುವವರು, ಎಲ್ಲ ಸೇರಿ ರಜಾ ದಿನ ಗಾಡಿಗಳು ತುಂಬಿಹೋಗುತ್ತವೆ. ಭಕ್ತರ ಜಾಗದಲ್ಲಿ ರಾತ್ರಿಯಿಡೀ ಕಾರು ಬಿಡುವುದು ನನಗೆ ಸರಿ ಕಾಣುವುದಿಲ್ಲ. ರಸ್ತೆ ಬದಿಯಂತೂ ಬೇಡವೇ ಬೇಡ, ಕೈಗಾರಿಕಾ ಪ್ರದೇಶದ ಲಾರಿಗಳು ಕತ್ತಲಲ್ಲಿ ಅಂಚಿಗೇ ಬರುತ್ತವೆ. ನಾನು ನಿಲ್ಲಿಸುವುದು ಗಡಿಗೆ ಹತ್ತಿರದ ಹಳ್ಳಿಯೊಂದರಲ್ಲಿ, ಪರಿಚಯದ ರೈತರ ಕಣದಲ್ಲಿ. ಮುಂಭಾಗ ಗೌರಿಬಿದನೂರಿನ ಕಡೆಗೆ. ಕೀಲಿ ನನ್ನ ಹತ್ತಿರವೇ. ಗಾಜಿನ ಒಳಗೆ ಫೋನ್ ನಂಬರು ಬರೆದಿಟ್ಟಿರುತ್ತೇನೆ. ಒಕ್ಕಣೆ ಕಾಲದಲ್ಲಿ ಮೊದಲೇ ಕೇಳಿಕೊಳ್ಳುತ್ತೇನೆ, ಕಡಲೆಕಾಯಿ ಒಣಗಿಸುವಾಗ ಕಣ ಅವರಿಗೇ ಬೇಕು.

ಅಲ್ಲಿಂದ ನಡಿಗೆ. ಬಿಸಿಲೇರುವ ಮುಂಚೆ ಹೊರಡುತ್ತೇವೆ. ರಸ್ತೆಯ ಬಲಗಡೆ ನಡೆದರೆ ಎದುರಿನ ಗಾಡಿ ಕಣ್ಣಿಗೆ ಬೀಳುತ್ತದೆ. ಮಕ್ಕಳು ಒಳಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು. ಬೋರ್ಡುಗಳ ಅಕ್ಷರ ತೆಲುಗಿಗೆ ತಿರುಗಿದ ಕೂಡಲೇ ಮಗಳು "ಅಪ್ಪಾ, ಆಂಧ್ರ ಬಂತು" ಅಂತ ಕೂಗುತ್ತಾಳೆ. ಹೊಲ ಅದೇ, ಮಣ್ಣು ಅದೇ, ಮಾತೂ ಎರಡೂ ಕಡೆ ಕಲಬೆರಕೆ. ಬದಲಾಗುವುದು ಪೆಟ್ರೋಲ್ ದರ, ಆಚೆ ಜಾಸ್ತಿ. ನಮ್ಮ ಕಡೆಯ ಬಂಕುಗಳಲ್ಲಿ ಆಂಧ್ರದ ಗಾಡಿಗಳು ಕಾಣುವುದು ಅದಕ್ಕೇ. ಕಾರಲ್ಲಿ ಹೋದರೆ ಇದೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ನಡೆಯುವಾಗ ಮಕ್ಕಳು ಕೇಳುತ್ತಾ ಹೋಗುತ್ತಾರೆ, ನಾನು ಹೇಳುತ್ತಾ ಹೋಗುತ್ತೇನೆ. ವಾರವೆಲ್ಲ ಸ್ಟೀರಿಂಗ್ ಹಿಡಿದವನಿಗೆ ಇದು ದೊಡ್ಡ ಸಿರಿ.

ಗಡಿಯಾಚೆಯ ತೂಮುಕುಂಟ ಊರಿನ ಕಡೆ ತಲುಪಿದ ಮೇಲೆ ಶೇರ್ ಆಟೋನೋ ಬಸ್ಸೋ, ಯಾವುದು ಮೊದಲು ಬಂದರೆ ಅದು. ಹೆಣ್ಣುಮಕ್ಕಳಿಗೆ ಒಂದು ಮಾತು. ಇಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದ್ದ ಹಾಗೆ ಆಂಧ್ರದಲ್ಲೂ 2025ರ ಆಗಸ್ಟ್ 15ರಿಂದ ಮಹಿಳೆಯರಿಗೆ ಉಚಿತ ಬಸ್ ಇದೆ, ಆದರೆ ಅದು ಆ ರಾಜ್ಯದವರಿಗೆ. ಲೇಪಾಕ್ಷಿಗೆ ಹೋಗುವಾಗ ಅತ್ತೆಗೆ ಟಿಕೆಟ್ ಇಲ್ಲ, ಕರ್ನಾಟಕದ ಆಧಾರ್ ಇರುವ ಅವರ ಮಗಳಿಗೆ ಟಿಕೆಟ್ ಇದೆ.

ಹಿಂದೂಪುರಕ್ಕೆ ಹೋಗಿ ಲೇಪಾಕ್ಷಿ ನೋಡದೆ ಬರಬೇಡಿ. ವಿಜಯನಗರದ ಅಚ್ಯುತರಾಯನ ಕಾಲದಲ್ಲಿ ವಿರೂಪಣ್ಣ, ವೀರಣ್ಣ ಎಂಬ ಅಣ್ಣತಮ್ಮಂದಿರು ಕಟ್ಟಿಸಿದ ವೀರಭದ್ರನ ಗುಡಿ ಅದು. ನೆಲಕ್ಕೆ ಪೂರ್ತಿ ತಾಗದೆ ನಿಂತಿರುವ ತೂಗುಕಂಬದ ಕೆಳಗೆ ಎಲ್ಲರೂ ಬಟ್ಟೆ ತೂರಿಸಿ ನೋಡಿ ಹೊರಟುಬಿಡುತ್ತಾರೆ. ತಲೆಯೆತ್ತಿ ಮಂಟಪದ ಚಾವಣಿ ನೋಡಬೇಕು, ಆ ಚಿತ್ರಗಳಲ್ಲಿರುವ ಸೀರೆಗಳ ಅಂಚನ್ನು ನನ್ನ ಹೆಂಡತಿ ಕತ್ತು ನೋಯುವವರೆಗೆ ನೋಡುತ್ತಾಳೆ. ಒಂದೇ ಬಂಡೆಯ ಆ ದೊಡ್ಡ ನಂದಿ ಗುಡಿಯಿಂದ ಸ್ವಲ್ಪ ದೂರದಲ್ಲಿದೆ, ಅದನ್ನು ಸಂಜೆಗೆ ಇಟ್ಟುಕೊಳ್ಳಿ.

ಕತ್ತಲಾದ ಮೇಲೆ ವಾಪಸು ಬರುವುದಾದರೆ ನಡೆಯಬೇಡಿ, ಆಟೋದವರಿಗೆ ಹೇಳಿ ಕಾರಿನ ಹತ್ತಿರವೇ ಇಳಿಯಿರಿ. ಕಣದವರು ನನ್ನಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ. ಅವರ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾಗ ಗೌರಿಬಿದನೂರು ಆಸ್ಪತ್ರೆಗೆ ಬಾಡಿಗೆಯಿಲ್ಲದೆ ಕರೆದುಕೊಂಡು ಹೋಗುತ್ತೇನೆ, ನಡುರಾತ್ರಿಯಾದರೂ ಸರಿ.