ಸ್ಕ್ಯಾಜಿಟ್ ಅಳಿವೆಯಲ್ಲಿ ಸಾಲ್ಮನ್ ಮರಿಗಳನ್ನು ನೋಡುವುದು ಹೇಗೆ

ವಾಷಿಂಗ್ಟನ್ ರಾಜ್ಯದಲ್ಲಿ ಸ್ಕ್ಯಾಜಿಟ್ ನದಿ ಕಡಲು ಸೇರುವ ಜೌಗಿಗೆ ನಾನು ಹೋಗುವುದು ಏಪ್ರಿಲ್‌ನಲ್ಲಿ. ಮೊದಲು ಉಬ್ಬರವಿಳಿತದ ವೇಳೆ ನೋಡಿಕೊಳ್ಳಿ. ನೀರು ಏರುವಾಗ ಬೆರಳುದ್ದವೂ ಇರದ, ಚಿನೂಕ್ ಎಂಬ ಜಾತಿಯ ಸಾಲ್ಮನ್ ಮೀನಿನ ಮರಿಗಳು ಕಿರುಗಾಲುವೆಗಳೊಳಗೆ ಬರುತ್ತವೆ, ಇಳಿಯುವಾಗ ಹಿಂದಿರುಗುತ್ತವೆ.

ದಡದಲ್ಲಿ ಅಲುಗಾಡದೆ ಕೂರಿ. ನಿಮ್ಮ ನೆರಳು ನೀರಿಗೆ ಬೀಳಬಾರದು, ಬಿದ್ದರೆ ಮರಿಗಳು ಕ್ಷಣದಲ್ಲಿ ಮಾಯ. ಹುಲ್ಲಿನಿಂದ ಉದುರುವ ಹುಳುಗಳನ್ನು ಅವು ಹಿಡಿಯುವಾಗ ನೀರಿನ ಮೇಲೆ ಪುಟ್ಟ ಉಂಗುರಗಳು ಏಳುತ್ತವೆ. ಕಣ್ಣು ಅಲ್ಲೇ ಇರಲಿ. ಮೈಮೇಲಿನ ಕಪ್ಪು ಪಟ್ಟೆ ಮಾಸಿ ಬೆಳ್ಳಿ ಹೊಳಪು ಬಂದಿದೆಯೇ? ಆ ಮರಿಯ ದೇಹ ಉಪ್ಪುನೀರಿಗೆ ಅಣಿಯಾಗುತ್ತಿದೆ. ಅದೊಂದನ್ನು ನೋಡಲು ಎರಡು ಗಂಟೆ ಕಾದಿದ್ದೇನೆ, ಮತ್ತೆಯೂ ಕಾಯುತ್ತೇನೆ.

ಬಲೆ ಬೇಡ, ಮುಟ್ಟುವುದೂ ಬೇಡ. ಸ್ಕ್ಯಾಜಿಟ್ ಸೇರುವ ಕಡಲ ಚಾಚು ಪ್ಯೂಜೆಟ್ ಸೌಂಡ್‌ನ ಚಿನೂಕ್‌ಗಳು 1999ರಿಂದ ಫೆಡರಲ್ ಕಾನೂನಿನ ರಕ್ಷಣೆಯಲ್ಲಿವೆ.