ಬಿಸಿಲಿನಿಂದ ಕುಡಿಯುವ ನೀರಿನ ಶುದ್ಧಿ

ನೀರು ಕುದಿಸಲು ಅನುಕೂಲವಿಲ್ಲದಿದ್ದಾಗ, ಭೇದಿ ತರುವ ಬಹುತೇಕ ರೋಗಾಣುಗಳನ್ನು ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳಿಂದಲೇ ಕೊಲ್ಲಬಹುದು. ಎರಡು ಲೀಟರ್ ಮೀರದ, ಬಣ್ಣವಿಲ್ಲದ, ಗೀರು ಬೀಳದ ಪೆಟ್ (PET) ಪ್ಲಾಸ್ಟಿಕ್ ಬಾಟಲಿ ತೊಳೆದು ಲೇಬಲ್ ಕಿತ್ತುಹಾಕಿ. ಮುಕ್ಕಾಲು ಭಾಗ ತುಂಬಿ 20 ಸೆಕೆಂಡು ಜೋರಾಗಿ ಕುಲುಕಿ. ನೀರಿಗೆ ಬೆರೆತ ಆಮ್ಲಜನಕ ಕಿರಣಗಳ ಕೆಲಸಕ್ಕೆ ನೆರವಾಗುತ್ತದೆ. ಆಮೇಲೆ ಪೂರ್ತಿ ತುಂಬಿ ಮುಚ್ಚಳ ಬಿಗಿ ಮಾಡಿ.

ಎಡವುವುದು ಹೆಚ್ಚಾಗಿ ಕದಡಿದ ನೀರಿನಲ್ಲಿ. ತುಂಬಿದ ಬಾಟಲಿಯನ್ನು ಪತ್ರಿಕೆಯ ತಲೆಬರಹದ ಮೇಲೆ ನಿಲ್ಲಿಸಿ, ಬಾಯಿಯ ಕಡೆಯಿಂದ ಕೆಳಗೆ ನೋಡಿ. ಅಕ್ಷರ ಓದಲಾಗದಿದ್ದರೆ ಕಿರಣವೂ ತಳ ಮುಟ್ಟದು. ಮೊದಲು ತಿಳಿಯಾಗಲು ಬಿಟ್ಟು, ಬಟ್ಟೆಯಲ್ಲಿ ಸೋಸಿ.

ನೆರಳು ಬೀಳದ ಕಡೆ ಅಡ್ಡ ಮಲಗಿಸಿಡಿ: ಒಳ್ಳೆಯ ಬಿಸಿಲಿಗೆ 6 ಗಂಟೆ, ಅರ್ಧಕ್ಕಿಂತ ಹೆಚ್ಚು ಮೋಡವಿದ್ದರೆ ಎರಡು ದಿನ. ಕಿಟಕಿ ಗಾಜಿನ ಹಿಂದೆ ಬೇಡ, ಗಾಜು ಕಿರಣಗಳನ್ನು ತಡೆಯುತ್ತದೆ. ಎಡೆಬಿಡದ ಮಳೆಯಲ್ಲಿ ಕುದಿಸಿಯೇ ಕುಡಿಯಿರಿ. ಫ್ಲೋರೈಡ್, ಕೀಟನಾಶಕಗಳು ಇದರಿಂದ ಹೋಗುವುದಿಲ್ಲ.