ಬಲೆಯಿಲ್ಲದೆ ಮಿಸ್ ಕೇರಳ ನೋಡುವುದು

ಕೆಂಪು ಗೆರೆಯ ಈ ಪುಟ್ಟ ಮೀನನ್ನು ಹೆಚ್ಚಿನವರು ನೋಡಿರುವುದು ಅಕ್ವೇರಿಯಂನ ಗಾಜಿನಾಚೆ. ಅಲ್ಲಿ ಅದು ಮಿಸ್ ಕೇರಳ, ಪುಸ್ತಕಗಳಲ್ಲಿ ಡೆನಿಸನ್ ಬಾರ್ಬ್. 1865ರಲ್ಲಿ ಮೀನುತಜ್ಞ ಫ್ರಾನ್ಸಿಸ್ ಡೇ ಇದನ್ನು ಮೊದಲು ವಿವರಿಸಿ ಮದರಾಸಿನ ಗವರ್ನರ್ ಡೆನಿಸನ್‌ನ ಹೆಸರಿಟ್ಟ. ಹೊಳೆಯ ಮೀನಿಗೆ ಗವರ್ನರ್ ಹೆಸರು ಯಾಕೋ, ಇರಲಿ.

ನಾನು ಇದನ್ನು ನೋಡುವುದು ಸುಳ್ಯದ ಕಡೆಯಿಂದ ಹರಿದು ಕಾಸರಗೋಡಿನಲ್ಲಿ ಚಂದ್ರಗಿರಿಯಾಗುವ ಪಯಸ್ವಿನಿಯಲ್ಲಿ. ಯಾವ ಗುಂಡಿ ಎಂದು ಮಾತ್ರ ಕೇಳಬೇಡಿ; ಹಿಡಿದು ಮಾರುವವರಿಗೂ ಅದೇ ವಿಳಾಸ ಬೇಕು.

ಮಳೆಗಾಲದ ಕೆನ್ನೀರಿನಲ್ಲಿ ಏನೂ ಕಾಣದು. ಡಿಸೆಂಬರ್ ಹೊತ್ತಿಗೆ ನೀರು ತಿಳಿಯಾಗುತ್ತದೆ. ತಳದಲ್ಲಿ ಬಂಡೆ, ದಂಡೆಯಿಂದ ಬಾಗಿದ ಗಿಡ, ಮೇಲಿನಿಂದ ಬಂದು ಬೀಳುವ ಸೆಳವು, ಈ ಮೂರೂ ಇರುವ ಗುಂಡಿ ಹುಡುಕುತ್ತೇನೆ. ಸೆಳವು ಮೆತ್ತಗಾಗುವ ಜಾಗದಲ್ಲಿ ಮೀನುಗಳು ಹರಿವಿಗೆ ಮುಖಮಾಡಿ ಗುಂಪಾಗಿ ನಿಂತಿರುತ್ತವೆ. ಹಾಗಾಗಿ ಕೆಳಗಿನಿಂದ, ಅವುಗಳ ಬೆನ್ನ ಹಿಂದಿನಿಂದಲೇ ಹೋಗಬೇಕು. ಬಗ್ಗಿ ನಡೆಯಬೇಕು, ನೆರಳು ನೀರಿಗೆ ಬೀಳಬಾರದು. ಪೋಲರೈಸ್ಡ್ ಕನ್ನಡಕ ಹಾಕಿದರೆ ನೀರಿನ ಮೇಲಿನ ಹೊಳಪು ಸತ್ತು ತಳ ಕಾಣುತ್ತದೆ. ಇದೊಂದಕ್ಕೆ ದುಡ್ಡು ಹಾಕಿ, ಉಳಿದದ್ದೆಲ್ಲ ಆಮೇಲೆ.

ಮೇಲಿನಿಂದ ನೋಡಿದರೆ ಕೆಂಪು ಗೆರೆ ಸಿಗುವುದಿಲ್ಲ, ಅದು ಮೂತಿಯಿಂದ ಪಕ್ಕೆಯ ನಡುವಿನವರೆಗೆ ಓಡುತ್ತದೆ. ಕೆಳಗಿನ ಕಪ್ಪು ಪಟ್ಟೆ ಬಾಲದವರೆಗೂ ಹೋಗುತ್ತದೆ. ಬಲಿತ ಮೀನಿನ ನೆತ್ತಿಯ ಮೇಲೆ ಹಸಿರು ಛಾಯೆ ಬರುತ್ತದೆ, ದಂಡೆಯಿಂದ ನನಗೆ ಗುರುತು ಹತ್ತುವುದು ಅದರಿಂದ. ಮೀನು ಕಲ್ಲಿನ ಪಾಚಿ ಕೆರೆಯಲು ಓರೆಯಾದ ಕ್ಷಣ ಉಳಿದ ಬಣ್ಣವೆಲ್ಲ ಒಮ್ಮೆಲೇ ಹೊರಬರುತ್ತದೆ. ಬೆನ್ನುರೆಕ್ಕೆಯ ಮೇಲೆ ಕಪ್ಪು ಮಚ್ಚೆ ಕಂಡರೆ ಅದು ಇದರ ನಂಟ, ಚಾಲಕ್ಕುಡಿ ಬಾರ್ಬ್. ಚಂದ್ರಗಿರಿಯಲ್ಲಿ ಅದನ್ನು ಹುಡುಕಬೇಕಿಲ್ಲ.

ಮೊದಮೊದಲು ನೀರಿಗಿಳಿದು ಚಿತ್ರ ತೆಗೆಯುತ್ತಿದ್ದೆ. ಈಗ ಬಿಟ್ಟಿದ್ದೇನೆ. ಅಳಿವಿನಂಚಿನ ಈ ಮೀನನ್ನು ಹಿಡಿಯದಂತೆ 2008ರಲ್ಲಿ ಕೇರಳ ಜೂನ್, ಜುಲೈ, ಅಕ್ಟೋಬರ್ ತಿಂಗಳುಗಳನ್ನು ಗೊತ್ತುಮಾಡಿತು. ಆದರೆ ಅದು ಮೊಟ್ಟೆಯಿಡುವುದು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಎಂದು ಆಮೇಲಿನ ಅಧ್ಯಯನ ತೋರಿಸಿತು. ಅಂದರೆ ತಿಳಿನೀರಿನ ನನ್ನ ಕಾಲವೇ ಅವುಗಳ ಸಂತಾನದ ಕಾಲ. ಹಾಗಾಗಿ ಸಣ್ಣ ಕ್ಯಾಮೆರಾವನ್ನು ಬಿದಿರಿನ ಗಳುವಿನ ತುದಿಗೆ ಕಟ್ಟಿ, ದಂಡೆಯಿಂದಲೇ ಕಲ್ಲಿನ ಸಂದಿಗೆ ಇಳಿಸಿ, ಹಿಂದೆ ಸರಿದು ಕೂರುತ್ತೇನೆ. ಚೆದುರಿದ ಗುಂಪು ತಿರುಗಿ ಬರುತ್ತದೆ. ಧೈರ್ಯದ ಮರಿಗಳು ಮೊದಲು ಲೆನ್ಸನ್ನೇ ಕುಕ್ಕಿ ನೋಡುತ್ತವೆ.